ನ್ಯೂ ಲೈಟ್ ಕ್ಲಬ್ಬಿನ ಲೆಫ್ಟ್ ಔಟ್

ನ್ಯೂ ಲೈಟ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಯಾರಾದರೂ ಚೆನ್ನಾಗಿ ಆಡತೊಡಗಿದರೆ ಅವನು ಇನ್ನು ಬಹಳ ಕಾಲ ಅಲ್ಲಿರುವುದಿಲ್ಲ ಎಂದೇ ಎಲ್ಲರೂ ತಿಳಿಯುತ್ತಿದ್ದರು. ಆಗ ಬೆಂಗಳೂರಿನ ದೊಡ್ಡ ಸರ್ಕಾರಿ ಕಾರ್ಖಾನೆಗಳಿಗೆಲ್ಲ ತಮ್ಮವೇ ಫುಟ್‌ಬಾಲ್ ತಂಡಗಳಿದ್ದವು. ಆಟಗಾರರು ಬೇಕಾದಾಗ ಅವು ಕೇರಿ, ಕಾಲೋನಿಗಳ ಸಣ್ಣ ಕ್ಲಬ್ಬುಗಳ ಕಡೆ ಕಣ್ಣು ಹಾಯಿಸುತ್ತಿದ್ದವು. ಆಯ್ಕೆಯಾದವನಿಗೆ ಕಾರ್ಖಾನೆಯಲ್ಲಿ ಕೆಲಸ, ಕ್ಯಾಂಟೀನಿನಲ್ಲಿ ಊಟ, ಮನೆಯವರಿಗೆಲ್ಲ ಆಸ್ಪತ್ರೆ. ಬೈರಸಂದ್ರದ ಕಾಲೋನಿಯಿಂದ ಗಾರೆ ಕೆಲಸಕ್ಕೋ ಸುಣ್ಣ ಬಳಿಯುವುದಕ್ಕೋ ಹೋಗುತ್ತಿದ್ದ ಹುಡುಗರಿಗೆ ಅದಕ್ಕಿಂತ ದೊಡ್ಡದೊಂದು ಆಸೆ ಇರಲಿಲ್ಲ.

ಕ್ಲಬ್ಬು ಕಟ್ಟಿದವನು ಮಾರಯ್ಯ. ತಿಲಕ್ ನಗರದ ಮುಖ್ಯರಸ್ತೆಯಲ್ಲಿ ಅವನದೊಂದು ಟೈಲರ್ ಅಂಗಡಿ ಇತ್ತು. ಒಂದು ಮೆಷಿನ್, ಒಂದು ಬೆಂಚು, ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರ್. ಕಾಲೋನಿಗೆ ಬೀದಿ ದೀಪ ಬಂದ ವರ್ಷ, ಎಪ್ಪತ್ತೊಂದರಲ್ಲಿ, ಸೈಕಲ್ ರಿಪೇರಿ ಅಂಗಡಿಯ ಸ್ನೇಹಿತ ಪಿಳ್ಳಣ್ಣನ ಜೊತೆ ಸೇರಿ ಕ್ಲಬ್ಬು ಶುರುಮಾಡಿದ. ಹೆಸರು ಬಂದಿದ್ದೂ ಆ ದೀಪದಿಂದಲೇ. ಮಾರಯ್ಯ ನೀಲಿ ಪಾಪ್ಲಿನ್ ಬಟ್ಟೆ ತಂದು ಜರ್ಸಿಗಳನ್ನು ತಾನೇ ಹೊಲಿದ. ಆಡುವ ಜಾಗ ಕೆರೆ ಏರಿಯ ಪಕ್ಕದ ಬಯಲು. ಜಯನಗರ ಬಡಾವಣೆ ಬೆಳೆಯುತ್ತಾ ಊರಿನ ಹೊಲಗಳೆಲ್ಲ ಸೈಟುಗಳಾಗಿದ್ದವು; ಆ ಬಯಲೊಂದು ಮಾತ್ರ ಇನ್ನೂ ಯಾರ ನಕ್ಷೆಗೂ ಸಿಕ್ಕಿರಲಿಲ್ಲ.

ಮಾರಯ್ಯನನ್ನು ಯಾವ ಕಾರ್ಖಾನೆಯೂ ಕರೆದಿರಲಿಲ್ಲ. ನಡುವಿನ ಸಾಲಿನ ಹಾಫ್ ಬ್ಯಾಕ್ ಜಾಗದಲ್ಲಿ ಸುಮಾರಾಗಿ ಆಡುತ್ತಿದ್ದ, ಅದು ಅವನಿಗೇ ಗೊತ್ತಿತ್ತು. ಆದರೆ ಇನ್ನೊಬ್ಬನ ಕಾಲಲ್ಲಿ ಏನಿದೆ ಅನ್ನುವುದು ಅವನಿಗೆ ಬೇಗ ಕಾಣುತ್ತಿತ್ತು. ಕಂಡಮೇಲೆ ಸುಮ್ಮನಿರುತ್ತಿರಲಿಲ್ಲ. ಆಟಗಾರರನ್ನು ಆರಿಸುವ ಟ್ರಯಲ್ಸ್ ಎಲ್ಲಿ ನಡೆಯುತ್ತದೆ, ಯಾರನ್ನು ನೋಡಬೇಕು ಅಂತ ವಿಚಾರಿಸಿ, ಅಂಗಡಿ ಮುಚ್ಚಿ, ಹುಡುಗನನ್ನು ತಾನೇ ಕರೆದುಕೊಂಡು ಹೋಗುತ್ತಿದ್ದ. ಹೀಗೆ ಕ್ಲಬ್ಬಿನಿಂದ ಹಲವರು ಹೋದರು. ಕ್ಲಬ್ಬು ಯಾವ ಕಪ್ಪನ್ನೂ ಗೆಲ್ಲಲಿಲ್ಲ.

ಪಿಳ್ಳಣ್ಣನಿಗೆ ಇದು ಸರಿಬರುತ್ತಿರಲಿಲ್ಲ. "ನಮ್ದು ಕ್ಲಬ್ಬಲ್ಲ ಮಾರ, ಬಸ್ ಸ್ಟ್ಯಾಂಡು," ಅನ್ನುತ್ತಿದ್ದ. "ಹತ್ತಿಸೋದು, ಕಳಿಸೋದು, ಅಷ್ಟೇ."

"ಬಸ್ ಸ್ಟ್ಯಾಂಡ್ ಇಲ್ದಿದ್ರೆ ಜನ ಎಲ್ಲಿಗೆ ಹೋಗ್ತಾರಪ್ಪ?" ಅಂತ ಮಾರಯ್ಯ ನಕ್ಕುಬಿಡುತ್ತಿದ್ದ.

ಹೋದವರಲ್ಲೆಲ್ಲ ಮಾರಯ್ಯನಿಗೆ ಹೆಚ್ಚು ಹತ್ತಿರದವನು ಯಲ್ಲಯ್ಯ. ತಂದೆ ಇರಲಿಲ್ಲ. ತಾಯಿ ತಿಮ್ಮಕ್ಕ ಮಂಕರಿ ತುಂಬ ಸೊಪ್ಪು ಹೊತ್ತು ಜಯನಗರದ ಮನೆ ಮನೆಗೆ ಹೋಗಿ ಮಾರುತ್ತಿದ್ದಳು. ಯಲ್ಲಯ್ಯ ಎಡಗಾಲಿನವನು. ಎಡ ಅಂಚಿನಲ್ಲಿ, ಆಗಿನ ಮಾತಿನಲ್ಲಿ ಲೆಫ್ಟ್ ಔಟ್, ಅವನು ಓಡತೊಡಗಿದರೆ ಬಾಲು ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು. ಆದರೆ ಬಲಗಾಲು ಬರೀ ನಿಲ್ಲುವುದಕ್ಕೆ ಅನ್ನುವ ಹಾಗೆ ಇತ್ತು. ಮಾರಯ್ಯ ಹಳೆಯದೊಂದು ಕ್ಯಾನ್ವಾಸ್ ಶೂ ತಂದು ಅವನ ಬಲಗಾಲಿಗೆ ಮಾತ್ರ ಹಾಕಿಸಿದ. ಎಡಗಾಲು ಬರಿಗಾಲು. ಕಲ್ಲುಮಣ್ಣಿನ ಬಯಲಿನಲ್ಲಿ ಬರಿಗಾಲಲ್ಲಿ ಒದ್ದರೆ ನೋವು. ಅದಕ್ಕೆ ಯಲ್ಲಯ್ಯ ಬೈದುಕೊಂಡೇ ಬಲಗಾಲು ಎತ್ತಲು ಕಲಿತ. ಒಂದು ಬೇಸಿಗೆಯೆಲ್ಲ ಹೀಗೆ ನಡೆಯಿತು. ಅಂಚಿನಲ್ಲಿ ಓಡುತ್ತಾ ಬಂದು, ತಟ್ಟನೆ ಪಾದದ ಅಡಿಯಲ್ಲಿ ಬಾಲು ನಿಲ್ಲಿಸಿ, ಒಳಗೆ ತಿರುಗಿ ಬಲಗಾಲಲ್ಲಿ ಹೊಡೆಯುವುದು ಅವನ ಅಭ್ಯಾಸವಾಯಿತು. ಎದುರಿಗಿದ್ದವರು ಅವನ ಎಡಗಾಲನ್ನೇ ಕಾಯುತ್ತಿದ್ದರು, ಬಾಲು ಬೇರೆ ಕಾಲಿನಿಂದ ಹೋಗಿರುತ್ತಿತ್ತು.

ಎಪ್ಪತ್ತೆಂಟರಲ್ಲಿ ಒಂದು ಕಾರ್ಖಾನೆಯ ಟ್ರಯಲ್ಸ್ ಇದೆ ಅಂತ ಸುದ್ದಿ ಬಂತು. ಅದೇ ಭಾನುವಾರ ಮಡಿವಾಳದ ಟೂರ್ನಮೆಂಟಿನಲ್ಲಿ ನ್ಯೂ ಲೈಟಿಗೆ ಸೆಮಿಫೈನಲ್. ಕ್ಲಬ್ಬಿನವರು ಅಷ್ಟು ಮುಂದಿನ ಸುತ್ತಿಗೆ ಹೋಗಿದ್ದೇ ಮೊದಲು. ಯಲ್ಲಯ್ಯ ಇಲ್ಲದೆ ಆಡಿದರೆ ಸೋಲುವುದು ಗ್ಯಾರಂಟಿ ಅಂತ ಪಿಳ್ಳಣ್ಣ ಅಂಗಡಿಯ ಮುಂದೆ ನಿಂತು ಹೇಳಿದ. ಮಾರಯ್ಯ ಬಾಯಲ್ಲಿ ದಾರ ಕಚ್ಚಿಕೊಂಡು ಕೇಳಿಸಿಕೊಂಡ. ಭಾನುವಾರ ಬೆಳಿಗ್ಗೆ ಯಲ್ಲಯ್ಯನನ್ನು ಕರೆದುಕೊಂಡು ಬಸ್ಸು ಹತ್ತಿದ. ಮಡಿವಾಳದಲ್ಲಿ ತಂಡ ಸೋತಿತು. ಕಾರ್ಖಾನೆಯ ಮೈದಾನದಲ್ಲಿ ಕೋಚ್ ಪರಮಶಿವಯ್ಯ ಯಲ್ಲಯ್ಯನ ಭುಜದ ಮೇಲೆ ಕೈಯಿಟ್ಟು, "ಯಾವ ಕ್ಲಬ್ಬಪ್ಪ ನಿಂದು?" ಅಂತ ಕೇಳಿದರು.

ಮೊದಲು ಅಪ್ರೆಂಟಿಸ್, ಆಮೇಲೆ ಪ್ರೊಬೇಷನ್. ಯಲ್ಲಯ್ಯ ಕಾರ್ಖಾನೆಯ ಎರಡನೇ ತಂಡದಲ್ಲಿ ಆಡತೊಡಗಿದ. ಖಾಯಂ ಆಗುವುದು ಆಟದ ಮೇಲೆಯೇ ನಿಂತಿತ್ತು. ಆದರೂ ರಜಾ ದಿನ ಬಯಲಿಗೆ ಬಂದು ಚಿಕ್ಕವರಿಗೆ ಹೇಳಿಕೊಡುತ್ತಿದ್ದ. ಆಟ ಮುಗಿದಮೇಲೆ ಮಾರಯ್ಯನ ಅಂಗಡಿಯ ಬೆಂಚಿನ ಮೇಲೆ ಕೂತು ಕಾರ್ಖಾನೆಯ ಕಥೆಗಳನ್ನು ಹೇಳುತ್ತಿದ್ದ. ಮಾರಯ್ಯ ಕಾಜಾ ಹೊಲಿಯುತ್ತಾ ಕೇಳುತ್ತಿದ್ದ.

ಅಷ್ಟರಲ್ಲಿ ನ್ಯೂ ಲೈಟಿಗೂ ಒಳ್ಳೆಯ ಕಾಲ ಬಂದಿತ್ತು. ಬೆಂಗಳೂರು ಲೀಗಿನಲ್ಲಿ ಬಿ ಡಿವಿಷನ್ನಿಗೆ ಏರಿತ್ತು. ಕಾಲೋನಿಯ ಹುಡುಗರು ಸ್ಟೇಡಿಯಮ್ಮಿನ ಹುಲ್ಲಿನ ಮೇಲೆ ಆಡುವುದನ್ನು ನೋಡಲು ಹೆಂಗಸರೂ ಬಸ್ಸು ಹತ್ತಿ ಹೋಗುತ್ತಿದ್ದರು. ಮಾರಯ್ಯ ತಾನು ಆಡುವುದನ್ನು ಬಿಟ್ಟು ಗೆರೆಯಾಚೆ ನಿಂತು ತಂಡವನ್ನು ನಡೆಸುತ್ತಿದ್ದ. ಆದರೆ ಎಂಬತ್ತೊಂದರ ಸೀಸನ್ನಿನಲ್ಲಿ ಮತ್ತೆ ಇಬ್ಬರು ಕಾರ್ಖಾನೆಗೆ ಹೋದರು, ಒಬ್ಬನಿಗೆ ಕಾಲು ಮುರಿಯಿತು. ತಂಡ ಜಾರುತ್ತಾ ಬಂದು ಪಟ್ಟಿಯ ತಳದಲ್ಲಿ ನಿಂತಿತು. ಕೊನೆಯ ಪಂದ್ಯವನ್ನು ಸೋಲದೆ ಡ್ರಾ ಮಾಡಿಕೊಂಡರೆ ಬಿ ಡಿವಿಷನ್ನಿನಲ್ಲಿ ಉಳಿಯುತ್ತಿತ್ತು. ಸೋತರೆ ಕೆಳಗೆ.

ಆ ಕೊನೆಯ ಪಂದ್ಯ ಯಲ್ಲಯ್ಯನ ಕಾರ್ಖಾನೆಯ ಎರಡನೇ ತಂಡದ ಮೇಲೆ.

ಪಂದ್ಯಕ್ಕೆ ಕೆಲವು ದಿನಗಳಿರುವಾಗ ತಿಮ್ಮಕ್ಕ ಮಧ್ಯಾಹ್ನ ಅಂಗಡಿಗೆ ಬಂದಳು. ಖಾಲಿ ಮಂಕರಿಯನ್ನು ಬಾಗಿಲ ಬಳಿ ಇಳಿಸಿ ಬೆಂಚಿನ ಮೇಲೆ ಕೂತಳು. ಏನೋ ಹೇಳಲು ಬಂದವಳು ಬಿಸಿಲಿನ ಮಾತಾಡಿದಳು, ಸೊಪ್ಪು ಬಾಡುತ್ತದೆ ಅಂದಳು. ಮಾರಯ್ಯ ಮೆಷಿನ್ ನಿಲ್ಲಿಸಿದ.

"ಏನ್ ತಿಮ್ಮಕ್ಕ?"

"ಪಿಳ್ಳಣ್ಣ ಮನೆತಾವ ಬಂದಿದ್ದ ಕಣಪ್ಪ. ನಿನ್ ಮಗಂಗೆ ಹೇಳು, ಭಾನುವಾರ ಜ್ವರ ಅಂತ ಮಲಕ್ಕೊಳ್ಳಲಿ ಅಂದ. ಇಲ್ಲಾಂದ್ರೆ ಆಡ್ದಂಗೆ ಆಡಲಿ ಅಂದ. ಕಾಲೋನಿ ಮರ್ಯಾದೆ ಅಂದ."

"ಯಲ್ಲಯ್ಯ ಏನಂದ?"

"ಅವನೇನೂ ಅನ್ನಲಿಲ್ಲ. ಊಟ ಬಿಟ್ಟು ಎದ್ದು ಹೋದ. ಮುಂದಿನ ತಿಂಗಳು ಖಾಯಂ ಮಾಡ್ತಾರಂತೆ ಮಾರಯ್ಯ. ಆ ಕೋಚು ನೋಡ್ಕೊಂಡೇ ಇರ್ತಾನಂತೆ." ತಿಮ್ಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಿನ್ನ ಮಾತು ಮೀರಲ್ಲ ಅವನು. ನೀನು ಏನ್ ಹೇಳ್ತೀಯೋ ಅದೇ."

ಮಾರಯ್ಯ ಅವತ್ತು ಸಂಜೆಯೇ ಯಲ್ಲಯ್ಯನನ್ನು ಹುಡುಕಿಕೊಂಡು ಹೋದ. ಯಲ್ಲಯ್ಯ ಕೆರೆ ಏರಿಯ ಮೇಲೆ ಕೂತಿದ್ದ. ಕೆಳಗೆ ಬಯಲಿನಲ್ಲಿ ನ್ಯೂ ಲೈಟಿನ ಹುಡುಗರು ಪ್ರಾಕ್ಟೀಸ್ ಮಾಡುತ್ತಿದ್ದರು. ಅವನು ಇಳಿದು ಹೋಗಿರಲಿಲ್ಲ.

"ಅಮ್ಮ ಹೇಳಿದ್ರಾ ಅಣ್ಣ?"

"ಹೂಂ."

"ನೀವು ಹೇಳಿ. ಜ್ವರ ಅನ್ನು ಅಂದ್ರೆ ಅಂತೀನಿ. ಈ ಕೆಲಸ ಕೊಡಿಸಿದ್ದೇ ನೀವು."

"ಕೆಲಸ ಕೊಡಿಸಿದ್ದು ನಿನ್ನ ಕಾಲು," ಅಂದ ಮಾರಯ್ಯ. "ಜ್ವರ ಗಿರ ಏನೂ ಬೇಡ. ಆಡು. ಸರಿಯಾಗಿ ಆಡು. ಎದುರಿಗೆ ಯಾರಿದಾರೆ ಅಂತ ನೋಡ್ಬೇಡ."

ಯಲ್ಲಯ್ಯ ಅವನ ಮುಖವನ್ನೇ ನೋಡಿದ. ಏನನ್ನೋ ಹುಡುಕುವಂತೆ ನೋಡಿದ. ಆಮೇಲೆ ತಲೆಯಾಡಿಸಿದ. ಮಾರಯ್ಯ ಮನೆಗೆ ಬರುವಾಗ ಹಗುರಾಗಿದ್ದ. ಹೆಂಡತಿ ಕೆಂಪಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಭಾನುವಾರ ಸ್ಟೇಡಿಯಮ್ಮಿನಲ್ಲಿ ಕಾಲೋನಿಯ ಅರ್ಧ ಜನ ಇದ್ದರು. ತಿಮ್ಮಕ್ಕ ಬಂದಿರಲಿಲ್ಲ. ಕಾರ್ಖಾನೆಯ ತಂಡಕ್ಕೆ ಆ ಪಂದ್ಯದಲ್ಲಿ ಗಳಿಸುವುದೂ ಕಳೆದುಕೊಳ್ಳುವುದೂ ಏನಿರಲಿಲ್ಲ; ಅವರು ನಿಧಾನವಾಗಿ ಆಡಿದರು. ನ್ಯೂ ಲೈಟಿನವರು ಜೀವದ ಹಂಗಿಲ್ಲದೆ ಓಡಿದರು. ಅವರ ಹಿಂದಿನ ಸಾಲಿನ ಬಲ ಅಂಚಿನಲ್ಲಿ, ರೈಟ್ ಬ್ಯಾಕ್ ಜಾಗದಲ್ಲಿದ್ದ ಬೈರಣ್ಣ ಯಲ್ಲಯ್ಯನ ಜೊತೆಯಲ್ಲೇ ಆಡಿ ಬೆಳೆದವನು. ಅವನು ಯಲ್ಲಯ್ಯನನ್ನು ಅಂಚಿನಿಂದ ಒಳಗೆ ಬಿಡಲಿಲ್ಲ. ಯಲ್ಲಯ್ಯನೂ ಮೊದಲರ್ಧದಲ್ಲಿ ಬಾಲು ಸಿಕ್ಕ ತಕ್ಷಣ ಇನ್ನೊಬ್ಬನಿಗೆ ತಳ್ಳಿಬಿಡುತ್ತಿದ್ದ. ಇಂಟರ್ವಲ್ಲಿನಲ್ಲಿ ಪರಮಶಿವಯ್ಯ ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳುವುದು ಮಾರಯ್ಯನಿಗೆ ಕಂಡಿತು. ಯಲ್ಲಯ್ಯ ತಲೆ ತಗ್ಗಿಸಿ ಕೇಳುತ್ತಿದ್ದ.

ಎರಡನೇ ಅರ್ಧವೂ ಗೋಲಿಲ್ಲದೆ ಮುಗಿಯುತ್ತಾ ಬಂತು. ಗ್ಯಾಲರಿಯಲ್ಲಿದ್ದ ಕಾಲೋನಿಯವರು ಎದ್ದು ನಿಂತಿದ್ದರು. ರೆಫರಿ ಕೈಗಡಿಯಾರ ನೋಡಿಕೊಂಡಾಗ ಪಿಳ್ಳಣ್ಣ ಮಾರಯ್ಯನ ತೋಳು ಹಿಡಿದುಕೊಂಡ. ಆಗ ನಡುವಿನಿಂದ ಎತ್ತರವಾಗಿ ಒಂದು ಬಾಲು ಎಡ ಅಂಚಿಗೆ ಬಂತು.

ಯಲ್ಲಯ್ಯ ಅದನ್ನು ಎದೆಯಲ್ಲಿ ಇಳಿಸಿಕೊಂಡು ಓಡಿದ. ಬೈರಣ್ಣ ಪಕ್ಕದಲ್ಲೇ ಓಡಿದ. ಗೆರೆ ಹತ್ತಿರವಾದಂತೆ ಎಲ್ಲರೂ ಎಡಗಾಲಿನಿಂದ ಗೋಲಿನ ಮುಂದಕ್ಕೆ ಕ್ರಾಸ್ ಬರುತ್ತದೆ ಅಂದುಕೊಂಡರು, ಬೈರಣ್ಣನೂ ಅದನ್ನು ತಡೆಯಲು ಕಾಲು ಚಾಚಿ ಜಾರಿದ. ಮಾರಯ್ಯನಿಗೆ ಮಾತ್ರ ಮುಂದೇನಾಗುತ್ತದೆ ಅಂತ ಗೊತ್ತಿತ್ತು. ಯಲ್ಲಯ್ಯನ ಪಾದ ಬಾಲಿನ ಮೇಲೆ ನಿಂತಿತು. ಅವನು ಒಳಗೆ ತಿರುಗಿದ. ಬಲಗಾಲಿನಿಂದ ಹೋದ ಬಾಲು ಗೋಲ್‌ಕೀಪರನ ಕೈಯನ್ನು ದಾಟಿ ದೂರದ ಕಂಬದ ಒಳಗೆ ಬಿತ್ತು.

ಯಲ್ಲಯ್ಯ ಕೈಯೆತ್ತಲಿಲ್ಲ. ಜೊತೆಯವರು ಬಂದು ಬೆನ್ನು ತಟ್ಟಿದರೂ ಅವನು ನೆಲ ನೋಡುತ್ತಾ ನಡುಗೆರೆಗೆ ನಡೆದುಹೋದ. ಸ್ವಲ್ಪ ಹೊತ್ತಿನಲ್ಲೇ ರೆಫರಿ ಸೀಟಿ ಊದಿದ. ನ್ಯೂ ಲೈಟ್ ಕೆಳಗಿನ ಡಿವಿಷನ್ನಿಗೆ ಬಿತ್ತು.

ಮಾರಯ್ಯ ಹುಡುಗರನ್ನು ಎಬ್ಬಿಸಿದ, ಅತ್ತವನ ತಲೆ ಸವರಿದ, ಜರ್ಸಿಗಳನ್ನು ಗೋಣಿಚೀಲಕ್ಕೆ ತುಂಬಿದ. ಯಲ್ಲಯ್ಯ ಬೂಟು ಕೈಯಲ್ಲಿ ಹಿಡಿದು ಅವನ ಹತ್ತಿರ ಬಂದು ನಿಂತ. ಒಳ್ಳೇ ಗೋಲು ಹೊಡೆದೆ ಅಂತ ಹೇಳಬೇಕು ಅಂತ ಮಾರಯ್ಯ ಅಂದುಕೊಂಡ. ಮಾತು ನಾಲಿಗೆಯವರೆಗೂ ಬಂದಿತ್ತು. ಆದರೆ ಅವನು ಚೀಲ ಹೆಗಲಿಗೆ ಹಾಕಿಕೊಂಡು ಯಲ್ಲಯ್ಯನ ಪಕ್ಕದಿಂದ ದಾಟಿ ನಡೆದುಬಿಟ್ಟ. ಗೇಟಿನ ಹತ್ತಿರ ಬಂದಮೇಲೆ ಇದೇನು ಮಾಡಿದೆ ಅನ್ನಿಸಿತು. ತಿರುಗಿ ಹೋಗಲಿಲ್ಲ.

ಕಾಲೋನಿಯಲ್ಲಿ ಕೆಲವು ವಾರ ಅದೇ ಮಾತು. ನಲ್ಲಿಯ ಹತ್ತಿರ ತಿಮ್ಮಕ್ಕ ಬಿಂದಿಗೆ ಇಟ್ಟರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಒಬ್ಬಳು ಅವಳಿಗೆ ಕೇಳಿಸುವಂತೆ, "ಅನ್ನ ಹಾಕಿದ ಕೈಗೇ ಹೊಡೆದ," ಅಂದಳು. ತಿಮ್ಮಕ್ಕ ನೀರು ಹಿಡಿದುಕೊಂಡು ಮನೆಗೆ ಬಂದಳು.

ಮುಂದಿನ ತಿಂಗಳು ಯಲ್ಲಯ್ಯ ಖಾಯಂ ಆದ. ಮೈಸೂರುಪಾಕಿನ ಪೊಟ್ಟಣ ಹಿಡಿದು ನೇರವಾಗಿ ಮಾರಯ್ಯನ ಅಂಗಡಿಗೆ ಬಂದ. ಅಂಗಡಿಯಲ್ಲಿ ಅಳತೆ ಕೊಡಲು ಬಂದ ಗಿರಾಕಿಯೊಬ್ಬರಿದ್ದರು. ಮಾರಯ್ಯ ಪೊಟ್ಟಣ ತೆಗೆದುಕೊಂಡು ಬಟ್ಟೆಗಳ ಪಕ್ಕದಲ್ಲಿಟ್ಟ.

"ಒಳ್ಳೇದಾಗ್ಲಿ," ಅಂದ. ಆಮೇಲೆ ಗಿರಾಕಿಯ ತೋಳಿನ ಉದ್ದ ಅಳೆಯುತ್ತಾ, "ಕೆಲಸ ಇದೆ. ಆಮೇಲೆ ಬಾ," ಅಂದ.

ಯಲ್ಲಯ್ಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋದ. ಆಮೇಲೆ ಬರಲಿಲ್ಲ.

ಆ ಮೈಸೂರುಪಾಕನ್ನು ಮನೆಗೆ ತಂದಾಗ ಕೆಂಪಕ್ಕ ವಿಷಯ ತಿಳಿದು ಸಿಟ್ಟಾದಳು. "ಟ್ರಯಲ್ಸ್‌ಗೆ ನೀವೇ ಕರ್ಕೊಂಡ್ ಹೋದ್ರಿ. ಸರಿಯಾಗಿ ಆಡು ಅಂತ ನೀವೇ ಹೇಳಿದ್ರಿ. ಈಗ ನೀವೇ ಮುಖ ತಿರುಗಿಸಿದ್ರೆ ಆ ಹುಡುಗ ಏನಂತ ತಿಳ್ಕೋಬೇಕು?"

"ನಾನೆಲ್ಲಿ ಮುಖ ತಿರುಗಿಸಿದೆ? ಕೆಲಸ ಇತ್ತು."

"ಯಾರಿಗೆ ಹೇಳ್ತೀರಿ ಇದನ್ನ," ಅಂದಳು ಕೆಂಪಕ್ಕ.

ಮಾರಯ್ಯನಿಗೆ ತನ್ನ ಮೇಲೇ ಬೇಸರವಾಗುತ್ತಿತ್ತು. ಯಲ್ಲಯ್ಯ ಯಾವ ತಪ್ಪೂ ಮಾಡಿಲ್ಲ ಅಂತ ಅವನಿಗೇ ಗೊತ್ತಿತ್ತು. ಆದರೂ ಅವನ ಹೆಸರು ಕಿವಿಗೆ ಬಿದ್ದರೆ ಮಾತು ಬದಲಿಸುತ್ತಿದ್ದ. ಇದಕ್ಕಿಂತ ವಿಚಿತ್ರವೆಂದರೆ ಪಿಳ್ಳಣ್ಣ. ಅವತ್ತು ಸ್ಟೇಡಿಯಮ್ಮಿನಲ್ಲಿ ಯಲ್ಲಯ್ಯನಿಗೆ ಬಾಯಿಗೆ ಬಂದಂತೆ ಬೈದವನು ಒಂದು ವರ್ಷ ಕಳೆಯುವುದರೊಳಗೆ ಎಲ್ಲ ಮರೆತ. ಯಲ್ಲಯ್ಯ ಕಾರ್ಖಾನೆಯ ಮೊದಲನೇ ತಂಡಕ್ಕೆ ಬಂದು, ಪೇಪರಿನ ಆಟದ ಪುಟದಲ್ಲಿ ಅವನ ಹೆಸರು ಬರತೊಡಗಿದಾಗ, ಪಿಳ್ಳಣ್ಣ ಆ ಪೇಪರನ್ನು ಸೈಕಲ್ ಅಂಗಡಿಗೆ ಬಂದವರಿಗೆಲ್ಲ ತೋರಿಸಿ "ನಮ್ ಹುಡುಗ" ಅನ್ನುತ್ತಿದ್ದ. ಮಾರಯ್ಯ ಅದನ್ನು ಓದಿ ಮಡಿಸಿ ವಾಪಸ್ಸು ಕೊಡುತ್ತಿದ್ದ.

ಯಲ್ಲಯ್ಯ ಮದುವೆಯಾಗಿ ಕಾರ್ಖಾನೆಯ ಹತ್ತಿರ ಮನೆ ಮಾಡಿದ. ಮದುವೆಗೆ ಮಾರಯ್ಯನೂ ಕೆಂಪಕ್ಕನೂ ಹೋಗಿ ಅಕ್ಷತೆ ಹಾಕಿ ಬಂದರು. ಇಬ್ಬರು ಗಂಡಸರೂ ಚೆನ್ನಾಗಿದೀರಾ, ಚೆನ್ನಾಗಿದೀನಿ ಅಂದುಕೊಂಡರು. ತಿಮ್ಮಕ್ಕ ಮಾತ್ರ ಮಗನ ಜೊತೆ ಹೋಗಲಿಲ್ಲ. ಜಯನಗರದ ಮನೆಗಳವರು ತನ್ನ ಸೊಪ್ಪಿಗೆ ಕಾಯುತ್ತಾರೆ ಅಂತ ಕಾಲೋನಿಯಲ್ಲೇ ಉಳಿದಳು.

ವರ್ಷಗಳು ಹೋದವು. ಕೆರೆ ಪಕ್ಕದ ಬಯಲಿಗೂ ನಕ್ಷೆ ಬಂತು. ಒಂದು ಅಂಚಿನಲ್ಲಿ ರಸ್ತೆ ಹಾಕಿದರು, ಆಮೇಲೆ ಮೋರಿ. ಗೋಲಿನ ಕಂಬಗಳನ್ನು ಕಿತ್ತು ಒಳಕ್ಕೆ ನೆಡಬೇಕಾಯಿತು. ಎಂಬತ್ತಮೂರರಲ್ಲಿ ದೇಶ ಕ್ರಿಕೆಟ್ಟಿನ ವಿಶ್ವಕಪ್ಪು ಗೆದ್ದಮೇಲೆ ಹುಡುಗರೆಲ್ಲ ಬ್ಯಾಟು ಹಿಡಿದರು. ನ್ಯೂ ಲೈಟ್ ಕೆಳಗಿನ ಡಿವಿಷನ್ನಿನಲ್ಲೇ ಉಳಿದು, ಕೆಲವು ಸಲ ಹನ್ನೊಂದು ಜನರನ್ನು ಸೇರಿಸುವುದೇ ಕಷ್ಟವಾಗುತ್ತಿತ್ತು. ಮಾರಯ್ಯ ಭಾನುವಾರ ಬೆಳಿಗ್ಗೆ ಮನೆ ಮನೆಗೆ ಹೋಗಿ ಬಾಗಿಲು ತಟ್ಟುತ್ತಿದ್ದ. ಟ್ರಯಲ್ಸ್‌ಗೆ ಕರೆದುಕೊಂಡು ಹೋಗುವಂಥವನು ಯಾರೂ ಸಿಕ್ಕಿರಲಿಲ್ಲ.

ಯಲ್ಲಯ್ಯನ ಆಟವೂ ಅಷ್ಟರಲ್ಲಿ ನಿಂತಿತ್ತು. ಮಂಡಿಯೊಳಗೆ ಏನೋ ಹರಿದು, ಆಪರೇಷನ್ ಆಗಿ, ಆಮೇಲೂ ಮೊದಲಿನಂತೆ ಆಗಲಿಲ್ಲ. ತಂಡದಿಂದ ಬಿಟ್ಟರು, ಕೆಲಸ ಉಳಿಯಿತು. ಬೇರೆಯವರಂತೆ ಶಿಫ್ಟಿಗೆ ಹೋಗಿ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದ. ಇದನ್ನೆಲ್ಲ ಮಾರಯ್ಯ ತಿಮ್ಮಕ್ಕನ ಬಾಯಿಂದ ಕೇಳಿದ. ಕೇಳಿದ ದಿನ ಸರಿಯಾಗಿ ಊಟ ಮಾಡಲಿಲ್ಲ. ಹೋಗಿ ನೋಡಿಕೊಂಡು ಬನ್ನಿ ಅಂದಳು ಕೆಂಪಕ್ಕ. ಹೋಗುತ್ತೇನೆ ಅಂದವನು ಹೋಗಲಿಲ್ಲ. ಎಷ್ಟು ದಿನ ಬಿಟ್ಟನೋ ಅಷ್ಟೂ ಹೋಗುವುದು ಕಷ್ಟವಾಯಿತು.

ಎಂಬತ್ತಾರರಲ್ಲಿ ಕ್ಲಬ್ಬಿಗೆ ಸಂಕಟ ಬಂತು. ಜನ ಸಾಲದೆ ಒಂದು ಪಂದ್ಯಕ್ಕೆ ಹೋಗಿರಲಿಲ್ಲ. ಇನ್ನೊಂದಕ್ಕೆ ಹೋಗದಿದ್ದರೆ ಲೀಗಿನಿಂದಲೇ ಹೆಸರು ಹೊಡೆದುಹಾಕುತ್ತೇವೆ ಅಂತ ಅದನ್ನು ನಡೆಸುವವರು ತಿಳಿಸಿದರು. ಬೈರಣ್ಣ ಕೆಲಸದ ಮೇಲೆ ಗೊಟ್ಟಿಗೆರೆಯ ಕಡೆ ಮನೆ ಮಾಡಿಕೊಂಡು ಆಟ ಬಿಟ್ಟಿದ್ದ. ಎಷ್ಟು ಎಣಿಸಿದರೂ ತಂಡದಲ್ಲಿ ಒಂದು ಜಾಗ ಖಾಲಿ. ಮಾರಯ್ಯ ತಾನೇ ಇಳಿಯುತ್ತೇನೆ ಅಂದ.

"ನಿನ್ನ ಹೊಟ್ಟೆ ನೋಡ್ಕೋ ಒಂದ್ಸಲ," ಅಂದ ಪಿಳ್ಳಣ್ಣ. "ಜನ ನಾನು ತರ್ತೀನಿ."

ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ಮಾರಯ್ಯ ತಲೆಯೆತ್ತಿದ. ಯಲ್ಲಯ್ಯ ನಿಂತಿದ್ದ. ದಪ್ಪಗಾಗಿದ್ದ, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುತ್ತಿದ್ದ.

"ಪಿಳ್ಳಣ್ಣ ಬಂದಿದ್ರು," ಅಂದ. "ನಾಳೆ ಆಡಕ್ಕೆ ಬಾ ಅಂದ್ರು. ಕಾರ್ಖಾನೆ ಟೀಮಲ್ಲಿ ಈಗ ನಾನಿಲ್ವಲ್ಲ, ಬೇರೆ ಕಡೆ ಆಡಬಹುದು. ಹಿಂದೆ ನಿಂತ್ಕೊಂಡು ಆಡ್ತೀನಿ. ಓಡಕ್ಕೆ ಜಾಸ್ತಿ ಆಗಲ್ಲ."

ಮಾರಯ್ಯ ಮೆಷಿನ್ನಿನಿಂದ ಕಾಲು ತೆಗೆದ. ಆಮೇಲೆ ಎದ್ದು ಕೊರಳಲ್ಲಿದ್ದ ಟೇಪು ತೆಗೆದ. "ಇರೋ ಜರ್ಸಿ ಯಾವುದೂ ನಿಂಗೆ ಆಗಲ್ಲ. ಕೈ ಎತ್ತು."

ಯಲ್ಲಯ್ಯ ಕೈಯೆತ್ತಿದ. ಮಾರಯ್ಯ ಎದೆಯ ಸುತ್ತ ಟೇಪು ಹಾಕಿ ಸೀಮೆಸುಣ್ಣದಿಂದ ಬಟ್ಟೆಯ ತುಂಡಿನ ಮೇಲೆ ಬರೆದುಕೊಂಡ. ಹಿಂದೆ ಹೋಗಿ ಭುಜ ಅಳೆದ. ಹಿಂದೆ ನಿಂತಾಗ ಮುಖ ಕಾಣುತ್ತಿರಲಿಲ್ಲ. ಅಲ್ಲಿಂದಲೇ ಮಾತಾಡಿದ.

"ಅವತ್ತು ಏರಿ ಮೇಲೆ ಸರಿಯಾಗಿ ಆಡು ಅಂದ್ನಲ್ಲ."

"ಹೂಂ ಅಣ್ಣ."

"ಬಾಯಲ್ಲಿ ಅಂದೆ. ಒಳಗೆ, ಇವನು ನಮ್ ಹುಡುಗ, ಕೊನೆಗೆ ಹೊಡೆಯಲ್ಲ ಅಂತಾನೇ ಇತ್ತು. ನಾನು ಹೇಳ್ದೇನೆ ಅವನೇ ತಿಳ್ಕೊಂಡು ಬಿಟ್ಬಿಡ್ತಾನೆ ಅಂತ. ಹಂಗೆ ಅಂದ್ಕೊಂಡಿದೀನಿ ಅನ್ನೋದು ನಂಗೇ ಗೊತ್ತಿರ್ಲಿಲ್ಲ ಕಣೋ. ಬಾಲ್ ಒಳಗೆ ಹೋದ್ಮೇಲೆ ಗೊತ್ತಾಯ್ತು."

ಯಲ್ಲಯ್ಯ ಕೈ ಇಳಿಸಲಿಲ್ಲ.

"ನಂಗೆ ಗೊತ್ತಿತ್ತು," ಅಂದ. "ಅವತ್ತು ನಿಮ್ಮ ಮುಖದಲ್ಲೇ ಇತ್ತು. ಅದಕ್ಕೇ ಫಸ್ಟ್ ಹಾಫಲ್ಲಿ ಬಾಲೇ ಇಟ್ಕೊಳ್ಳಲಿಲ್ಲ ನಾನು. ಕೋಚು, ಏನೋ ಯಲ್ಲಯ್ಯ, ಹುಷಾರಿಲ್ವಾ ಅಂತ ಕೇಳಿದ್ರು."

"ಮತ್ತೆ?"

"ಮತ್ತೇನು. ಆ ಬಾಲು ಬಂದಾಗ ಯೋಚನೆ ಮಾಡಕ್ಕೆ ಟೈಮೆಲ್ಲಿತ್ತು? ಕಾಲು ತಾನೇ ಹೋಯ್ತು." ಅವನು ತಡೆದು ಹೇಳಿದ. "ಸುಳ್ಳು ಯಾಕೆ ಹೇಳ್ಲಿ ಅಣ್ಣ. ಒಳಗೆ ಹೋದಾಗ ಸಂತೋಷ ಆಯ್ತು. ಒಂದು ನಿಮಿಷ ಅಷ್ಟೇ. ಆದ್ರೆ ಆಯ್ತು. ಆಮೇಲೆ ನಿಮ್ಮನ್ನ ನೋಡಿದೆ."

ಮಾರಯ್ಯ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಇಷ್ಟು ವರ್ಷ ತಾನು ಆ ಗೋಲನ್ನು ಸೋಲೆಂದು ಮಾತ್ರ ನೆನಪಿಟ್ಟುಕೊಂಡಿದ್ದೆ ಅನ್ನುವುದು ಅವನಿಗೆ ಹೊಳೆಯಿತು. ಈಗ ಕಣ್ಣ ಮುಂದೆ ತಂದುಕೊಂಡು ನೋಡಿದರೆ ಆ ತಿರುವು, ತಾನೇ ಕಲಿಸಿದ ಆ ಬಲಗಾಲು ಕಾಣುತ್ತಿತ್ತು.

"ಆಗ್ಲೇಬೇಕು ಸಂತೋಷ," ಅಂದ ನಿಧಾನವಾಗಿ. "ಆ ಸ್ಟೇಡಿಯಮಲ್ಲಿ ಅಂಥ ಗೋಲು ನಾನು ಹೆಚ್ಚು ನೋಡಿಲ್ಲ. ಅವತ್ತೇ ಹೇಳ್ಬೇಕಿತ್ತು."

ಯಲ್ಲಯ್ಯ ಕತ್ತು ಹಿಂದಕ್ಕೆ ತಿರುಗಿಸಿದ. "ಕೈ ಇಳಿಸ್ಲಾ ಅಣ್ಣ? ನೋಯ್ತಾ ಇದೆ."

"ಇಳಿಸೋ ಮಾರಾಯ. ನಾನೆಲ್ಲಿ ಬೇಡ ಅಂದೆ."

ಸಂಜೆಯೊಳಗೆ ಜರ್ಸಿ ಹೊಲಿದು ಮುಗಿಯಿತು. ಯಲ್ಲಯ್ಯ ಅಷ್ಟು ಹೊತ್ತೂ ಬೆಂಚಿನ ಮೇಲೆ ಕೂತಿದ್ದ. ತನ್ನ ಮಗಳು ಮಾತು ಕಲಿತಿದ್ದು, ತಿಮ್ಮಕ್ಕನ ಹಟ, ಮಂಡಿ ಚಳಿಗೆ ಹಿಡಿದುಕೊಳ್ಳುವುದು, ಎಲ್ಲ ಹೇಳಿದ.

ಭಾನುವಾರ ಹನ್ನೊಂದು ಜನ ಮೈದಾನಕ್ಕೆ ಇಳಿದರು. ಕ್ಲಬ್ಬಿನ ಹೆಸರು ಉಳಿಯಿತು. ಯಲ್ಲಯ್ಯ ಮಂಡಿಗೆ ಪಟ್ಟಿ ಬಿಗಿದು ಹಿಂದೆ ನಿಂತು ಆಡಿದ. ಓಡುವುದಕ್ಕಿಂತ ಕೂಗಿದ್ದೇ ಹೆಚ್ಚು. ಚಿಕ್ಕ ಹುಡುಗರು ಅವನ ಮಾತಿಗೆ ತಕ್ಕಂತೆ ಆಚೀಚೆ ಓಡಿದರು. ಇಂಟರ್ವಲ್ ಆದಮೇಲೆ ಒಂದು ಕಾರ್ನರ್ ಸಿಕ್ಕಾಗ ಅವನು ಹಿಂದಿನ ಜಾಗ ಬಿಟ್ಟು ಕುಂಟುತ್ತಾ ಮುಂದೆ ಹೋದ. ಅವನು ತಲೆಯಿಂದ ಇಳಿಸಿಕೊಟ್ಟ ಬಾಲನ್ನು ಇನ್ನೊಬ್ಬ ಗೋಲಿಗೆ ತಳ್ಳಿದ. ಮುಗಿಯುವ ಹೊತ್ತಿಗೆ ಮತ್ತೊಂದು ಕಾರ್ನರ್. ಮತ್ತೆ ಮುಂದೆ ಹೋದ. ಈ ಸಲ ಬಾಲು ಎದುರಾಳಿಗಳಿಗೆ ಸಿಕ್ಕಿ, ಅವರು ಖಾಲಿ ಜಾಗದಲ್ಲಿ ಓಡಿಬಂದು ಗೋಲು ಹೊಡೆದರು. ಪಂದ್ಯ ಡ್ರಾ.

ವಾಪಸ್ಸು ಬರುವ ಬಸ್ಸಿನಲ್ಲಿ ಪಿಳ್ಳಣ್ಣ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ. ಮಾರಯ್ಯ ಜರ್ಸಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಲಾಲ್‌ಬಾಗ್ ದಾಟಿದಮೇಲೆ ತಡೆಯಲಾರದೆ ಶುರುಮಾಡಿದ.

"ಎರಡನೇ ಕಾರ್ನರ್‌ಗೆ ನೀನು ಮುಂದೆ ಹೋಗಬಾರದಿತ್ತು."

"ಹೋಗದೇ ಇದ್ದಿದ್ರೆ ಮೊದಲನೇ ಸಲದ ಗೋಲೂ ಬರ್ತಿರ್ಲಿಲ್ಲ ಅಣ್ಣ."

"ಅದೊಂದು ಬಂತಲ್ಲ, ಸಾಕು. ಆಮೇಲೆ ಹಿಂದೆ ನಿಂತ್ಕೋಬೇಕು. ಈ ಮಂಡಿ ಇಟ್ಕೊಂಡು ವಾಪಸ್ ಓಡಿ ಬರಕ್ಕೆ ಆಗುತ್ತಾ ನಿನ್ ಕೈಲಿ?"

"ನಾನು ಹೋದ್ರೆ ರೈಟ್ ಬ್ಯಾಕು ನನ್ನ ಜಾಗಕ್ಕೆ ಬರಬೇಕು. ಆ ಹುಡುಗನಿಗೆ ಹೇಳಿಕೊಡ್ಬೇಕಾದೋರು ಯಾರು?"

"ಅಂದ್ರೆ ನಂದು ತಪ್ಪಾ?"

"ತಪ್ಪು ಅಂತಲ್ಲ. ಆದ್ರೆ ಹೇಳಿಕೊಟ್ಟಿಲ್ಲ ನೀವು."

ಬಸ್ಸಿನಲ್ಲಿದ್ದವರು ತಿರುಗಿ ನೋಡಿದರು. ಇಳಿದಮೇಲೂ ಮಾತು ನಿಲ್ಲಲಿಲ್ಲ. ಮನೆಯ ತಿರುವಿಗೆ ಬರುವಾಗಲೇ ಇಬ್ಬರ ದನಿಯೂ ಕೆಂಪಕ್ಕನಿಗೆ ಕೇಳಿಸಿತು. ಜಗಳವಾಗುತ್ತಿದೆ ಅಂದುಕೊಂಡು ಅವಳು ಬಾಗಿಲಿಗೆ ಬಂದಳು. ತಿಮ್ಮಕ್ಕನನ್ನೂ ಕರೆಸಿದ್ದಳು. ಮುದ್ದೆ ಮಾಡಿ, ಹುರುಳಿಕಾಳಿನ ಸಾರು ಕಾಯಿಸಿದ್ದಳು. ಇಬ್ಬರೂ ಕೈಕಾಲು ತೊಳೆದು ಒಳಗೆ ಬಂದು ಚಾಪೆಯ ಮೇಲೆ ಕೂತರು. ಯಲ್ಲಯ್ಯ ಕಾಲು ಚಾಚಿಕೊಂಡ. ಮಾರಯ್ಯ ನೀರಿನ ಲೋಟಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟು, "ಇದು ನೀನು. ಇದು ಅವರ ಫಾರ್ವರ್ಡ್. ಈಗ ಹೇಳು," ಅಂದ. ಯಲ್ಲಯ್ಯ ಬಗ್ಗಿ ಒಂದು ಲೋಟವನ್ನು ಒಳಗೆ ಸರಿಸಿದ. ಅದು ಅಲ್ಲಿರಲಿಲ್ಲ ಅಂತ ಮಾರಯ್ಯ ಹಿಂದಕ್ಕೆ ಸರಿಸಿದ.

ಕೆಂಪಕ್ಕ ನೀರು ಹಾಕಲು ತಂಬಿಗೆ ಹಿಡಿದು ಬಂದು ಆ ಲೋಟಕ್ಕೇ ಕೈ ಹಾಕಿದಳು.

"ಇರು, ಇರು, ಅದು ರೈಟ್ ಬ್ಯಾಕು," ಅಂದ ಮಾರಯ್ಯ.

"ಅಕ್ಕ, ಅದನ್ನ ತಗೋಬೇಡಿ," ಅಂತ ಯಲ್ಲಯ್ಯನೂ ಅಂದ.

ಕೆಂಪಕ್ಕ ತಿಮ್ಮಕ್ಕನ ಮುಖ ನೋಡಿದಳು. ಆಮೇಲೆ ತಂಬಿಗೆಯನ್ನು ಕೆಳಗಿಟ್ಟು, ಮುದ್ದೆ ಆರಿಹೋಗುತ್ತೆ, ಬೇಗ ಮುಗಿಸಿ ಅಂತ ಹೇಳಿ, ತಾನೂ ಅವಳ ಪಕ್ಕದಲ್ಲಿ ಕೂತುಕೊಂಡಳು.